ಸುಮ್ಮನೆ ಕೂತ ಬೆಕ್ಕು ಆರಾಮಾಗಿದೆ ಅಂದುಕೊಳ್ಳಬೇಡಿ

ಬೂದಿ ಅನ್ನುವ ಬೆಕ್ಕು ನಮ್ಮ ಶೆಲ್ಟರಿಗೆ, ಅಂದರೆ ಮನೆಯಿಲ್ಲದ ಪ್ರಾಣಿಗಳನ್ನು ದತ್ತು ಸಿಗುವವರೆಗೆ ನೋಡಿಕೊಳ್ಳುವ ಜಾಗಕ್ಕೆ, ಬಂದ ದಿನ ಪೂರ್ತಿ ಲಿಟರ್ ಟ್ರೇ (ಬೆಕ್ಕು ಮಲಮೂತ್ರ ಮಾಡುವ ತಟ್ಟೆ) ಒಳಗೇ ಕೂತಿದ್ದಳು. ಪಕ್ಕದಲ್ಲೇ ಮಡಚಿ ಹಾಸಿದ ಮೆತ್ತನೆಯ ಟವೆಲ್ ಇತ್ತು. ಅದರ ಮೇಲೆ ಒಂದು ಕೂದಲೂ ಬಿದ್ದಿರಲಿಲ್ಲ. ನಾಲ್ಕೂ ಕಾಲನ್ನು ಮೈಯಡಿಗೆ ಸೇರಿಸಿ, ಬಾಲವನ್ನು ಪಕ್ಕೆಗೆ ಒತ್ತಿ ಸುತ್ತಿಕೊಂಡು, ಗೋಡೆಗೆ ಆತುಕೊಂಡು ಕೂತಿದ್ದಳು. ಕೂಗಲಿಲ್ಲ. ಪರಚಲಿಲ್ಲ. ಬುಸ್ ಅನ್ನಲಿಲ್ಲ. ನಾನು ಕೈ ಹಾಕಿ ನೀರಿನ ಬಟ್ಟಲು ಬದಲಿಸಿದರೂ ಅಲುಗಾಡಲಿಲ್ಲ. ಆ ಸಂಜೆ ಅವಳ ಕಾರ್ಡಿನಲ್ಲಿ ನಾನು ಬರೆದಿದ್ದು ಇಷ್ಟು: "ಶಾಂತ ಸ್ವಭಾವ. ಯಾವ ತೊಂದರೆಯೂ ಇಲ್ಲ."

ಮರುದಿನ ಬೆಳಿಗ್ಗೆ, ತುಂಬಾ ವರ್ಷದಿಂದ ಅಲ್ಲಿ ಬೆಕ್ಕುಗಳನ್ನು ನೋಡಿಕೊಳ್ಳುವ ಅಕ್ಕ ಆ ಕಾರ್ಡ್ ಓದಿ ನನ್ನನ್ನು ಕರೆದರು. "ಇಲ್ಲಿ ಬಾ, ಇವಳ ಕಣ್ಣು ನೋಡು" ಅಂದರು. ಅಷ್ಟು ಬೆಳಕಿದ್ದರೂ ಕಣ್ಣಿನ ಪಾಪೆ ಪೂರ್ತಿ ಅಗಲವಾಗಿ, ಕಣ್ಣೇ ಕಪ್ಪಾಗಿ ಕಾಣುತ್ತಿತ್ತು. ಉಸಿರು ಸಣ್ಣಗೆ, ಬೇಗ ಬೇಗ ಆಡುತ್ತಿತ್ತು. ತಟ್ಟೆಯ ಊಟ ಹಾಕಿದ ಹಾಗೇ ಇತ್ತು. "ಇದು ಶಾಂತ ಅಲ್ಲ ಕಣೇ, ಹೆದರಿ ಕಲ್ಲಾಗಿದ್ದಾಳೆ. ಈ ಕೇಜಿನಲ್ಲಿ ಸುತ್ತ ಅಂಚು ಇರೋ ಜಾಗ ಅಂದ್ರೆ ಆ ಟ್ರೇ ಒಂದೇ. ಅದಕ್ಕೇ ಅಲ್ಲಿ ಹೋಗಿ ಕೂತಿರೋದು."

ಆಮೇಲೆ ಅವರು ಮಾಡಿದ್ದು ತುಂಬಾ ಸಣ್ಣ ಕೆಲಸ. ಔಷಧಿ ಬಂದಿದ್ದ ಒಂದು ರಟ್ಟಿನ ಡಬ್ಬ ತಂದರು. ಅದರ ಒಂದು ಬದಿಗೆ ಬೆಕ್ಕು ನುಗ್ಗುವಷ್ಟು ಕಂಡಿ ಕೊಯ್ದರು. ಒಳಗೆ ಆ ಟವೆಲನ್ನೇ ಹಾಸಿದರು. ಕಂಡಿ ಕೇಜಿನ ಬಾಗಿಲಿಗೆ ನೇರ ಬಾರದ ಹಾಗೆ ಸ್ವಲ್ಪ ಓರೆಯಾಗಿ ಇಟ್ಟು, ಕೇಜಿನ ಮುಂಭಾಗದ ಅರ್ಧಕ್ಕೆ ಒಂದು ಬಟ್ಟೆ ಇಳಿಬಿಟ್ಟರು. ಅವಳನ್ನು ಎತ್ತಿ ಒಳಗೆ ಇಡಲಿಲ್ಲ, ಬಾ ಬಾ ಅಂತ ಕರೆಯಲೂ ಇಲ್ಲ, ನನ್ನನ್ನೂ ಕರೆದುಕೊಂಡು ಅಲ್ಲಿಂದ ಹೊರಟುಬಿಟ್ಟರು. ಅರ್ಧ ಗಂಟೆ ಬಿಟ್ಟು ದೂರದಿಂದ ಇಣುಕಿದರೆ ಟ್ರೇ ಖಾಲಿ. ಡಬ್ಬದ ಕತ್ತಲಲ್ಲಿ ಎರಡು ಕಣ್ಣು. ರಾತ್ರಿ ನೋಡಿದಾಗ ತಟ್ಟೆಯಲ್ಲಿ ಅರ್ಧ ಊಟ ಮುಗಿದಿತ್ತು.

ನಾನು ಬರೆದ ಆ ಕಾರ್ಡು ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಶೆಲ್ಟರಿನಲ್ಲಿ ಕೆಲಸ ಮಾಡುವವರು, ವಾರಕ್ಕೊಮ್ಮೆ ಸಹಾಯಕ್ಕೆ ಹೋಗುವವರು, ಬೆಕ್ಕು ದತ್ತು ತಗೊಳ್ಳಬೇಕು ಅಂತ ನೋಡಲು ಬರುವವರು, ಎಲ್ಲರಿಗೂ ಇದು ಬೇಕಾದ ವಿಷಯ. ಹೆದರಿದ ನಾಯಿ ಬೊಗಳುತ್ತದೆ, ಓಡಾಡುತ್ತದೆ, ಬಾಗಿಲು ಕೆರೆಯುತ್ತದೆ, ಅದರ ಕಷ್ಟ ಎಲ್ಲರ ಕಣ್ಣಿಗೂ ಬೀಳುತ್ತದೆ. ಬೆಕ್ಕು ಹಾಗಲ್ಲ. ತುಂಬಾ ಹೆದರಿದ ಬೆಕ್ಕುಗಳಲ್ಲಿ ಎಷ್ಟೋ ಬೆಕ್ಕುಗಳು ಸದ್ದೇ ಮಾಡುವುದಿಲ್ಲ. ಅದು ಬೇಟೆಯಾಡುವ ಪ್ರಾಣಿ ನಿಜ, ಆದರೆ ತನಗಿಂತ ದೊಡ್ಡ ಪ್ರಾಣಿಗಳಿಗೆ ತಾನೇ ಬೇಟೆಯಾಗುವಷ್ಟು ಚಿಕ್ಕದು. ಅದರ ಮೂಲ ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡಿ ಬದುಕುವ ಪ್ರಾಣಿ. ಅಪಾಯ ಬಂದಾಗ ಜೊತೆಗಾರರನ್ನು ಕರೆಯುವ ಅಭ್ಯಾಸ ಅದಕ್ಕಿಲ್ಲ. ಓಡಬೇಕು, ಎತ್ತರಕ್ಕೆ ಹತ್ತಬೇಕು, ಇಲ್ಲವೇ ಅಡಗಬೇಕು. ಬರೀ ನಾಲ್ಕು ಗೋಡೆಯ ಕೇಜಿನಲ್ಲಿ ಈ ಮೂರೂ ಆಗುವುದಿಲ್ಲ. ಆಗ ಉಳಿಯುವುದು ಒಂದೇ ದಾರಿ, ಅಲ್ಲಾಡದೆ ಕೂರುವುದು.

ಇದನ್ನು ಗುರುತಿಸಲು ಕಲಿಯಬಹುದು. ನೋಡಿ ನೋಡಿಯೇ ಕಣ್ಣು ಪಳಗುತ್ತದೆ. 1997ರಲ್ಲಿ ಕೆಸ್ಲರ್ ಮತ್ತು ಟರ್ನರ್ ಅನ್ನುವ ಇಬ್ಬರು ಸಂಶೋಧಕರು ಬೆಕ್ಕಿನ ಒತ್ತಡವನ್ನು ಅಳೆಯಲು ಏಳು ಹಂತಗಳ ಒಂದು ಪಟ್ಟಿ ಮಾಡಿದರು. ಪೂರ್ತಿ ಆರಾಮಾಗಿರುವ ಬೆಕ್ಕಿಗೆ 1, ಭಯದಿಂದ ನಡುಗುವ ಬೆಕ್ಕಿಗೆ 7. ಹೊಟ್ಟೆ, ಕಾಲು, ಬಾಲ, ತಲೆ, ಕಣ್ಣು, ಪಾಪೆ, ಕಿವಿ, ಮೀಸೆ, ಹೀಗೆ ಒಂದೊಂದನ್ನೂ ಬೇರೆ ಬೇರೆ ನೋಡಿ ಅಂಕ ಕೊಡುವುದು. ಈಗಲೂ ಎಷ್ಟೋ ಕಡೆ ಇದನ್ನೇ ಬಳಸುತ್ತಾರೆ. ನಾನು ಕಲಿತಿದ್ದೂ ಇದರಿಂದಲೇ. ಆದರೆ ಅಂಕಕ್ಕಿಂತ ಜಾಸ್ತಿ ನನಗೆ ಉಪಯೋಗಕ್ಕೆ ಬಂದಿದ್ದು ಬಿಡಿಬಿಡಿಯಾಗಿ ನೋಡುವ ಆ ಅಭ್ಯಾಸ. ಪಕ್ಕಕ್ಕೆ ಒರಗಿ, ಕಾಲು ಚಾಚಿ, ಹೊಟ್ಟೆ ಸಡಿಲ ಬಿಟ್ಟು ಮಲಗಿದ್ದರೆ ಅದು ನಿದ್ದೆ. ಪಾದಗಳನ್ನು ನೆಲಕ್ಕೆ ಊರಿ, ತಲೆ ತಗ್ಗಿಸಿ, ಕಣ್ಣು ಮುಚ್ಚಿ ಕೂತಿದ್ದರೆ ಅದು ನಿದ್ದೆ ಅಲ್ಲದೆಯೂ ಇರಬಹುದು. ಕಣ್ಣು ಮುಚ್ಚಿದ್ದರೂ ಕಿವಿ ಸದ್ದು ಬಂದ ಕಡೆಗೆಲ್ಲ ತಿರುಗುತ್ತಿರುತ್ತದೆ. ಮೈ ನೆಕ್ಕಿಕೊಳ್ಳುವುದನ್ನು ನಿಲ್ಲಿಸಿದ್ದರೆ, ಕೂದಲು ಒರಟಾಗಿ ಗಂಟುಗಂಟಾಗಿದ್ದರೆ, ಹಗಲಿಡೀ ಅಲ್ಲಾಡದೆ ಇದ್ದು ಜನ ಹೋದಮೇಲೆ ಮಾತ್ರ ತಿಂದಿದ್ದರೆ, ಅದೂ ಗುರುತೇ. ಗುರುಗುಟ್ಟಿದರೆ ಖುಷಿಯಾಗಿದೆ ಅಂತ ನಂಬುತ್ತೇವೆ. ನೋವಿನಲ್ಲಿರುವ, ಹೆದರಿದ ಬೆಕ್ಕುಗಳೂ ಗುರುಗುಟ್ಟುತ್ತವೆ. ಅದೊಂದನ್ನೇ ನಂಬಿ ಕೂರಬೇಡಿ.

ಪಾಪ ಹೆದರಿದೆ, ನಾಲ್ಕು ದಿನ ಕಳೆದರೆ ಸರಿ ಹೋಗುತ್ತೆ ಅನ್ನುವವರು ಇದ್ದಾರೆ. ಮನಸ್ಸಿನ ಕಷ್ಟ ಮಾತ್ರ ಆಗಿದ್ದರೂ ಅದು ಕಷ್ಟವೇ, ಅಲ್ವಾ? ಆದರೆ ಇದು ಅಲ್ಲಿಗೇ ನಿಲ್ಲುವುದಿಲ್ಲ, ಮೈಗೆ ಬರುತ್ತದೆ. ಬೆಕ್ಕಿಗೆ ಬರುವ ಒಂದು ಹರ್ಪಿಸ್ ವೈರಸ್ ಇದೆ. ಒಮ್ಮೆ ತಗುಲಿದರೆ ಹೆಚ್ಚಿನ ಬೆಕ್ಕುಗಳಲ್ಲಿ ಅದು ಜೀವನಪೂರ್ತಿ ಮೈಯೊಳಗೆ ಮಲಗಿರುತ್ತದೆ. ಒತ್ತಡ ಬಿದ್ದಾಗ ಮತ್ತೆ ಏಳುತ್ತದೆ. ಹೊಸ ಜಾಗಕ್ಕೆ ಬಂದ ಸುಮಾರು ಒಂದು ವಾರಕ್ಕೆ ಬೆಕ್ಕು ಸೀನತೊಡಗುತ್ತದೆ, ಕಣ್ಣಲ್ಲಿ ನೀರು, ಮೂಗು ಕಟ್ಟಿ ವಾಸನೆ ಗೊತ್ತಾಗುವುದಿಲ್ಲ. ವಾಸನೆ ಗೊತ್ತಾಗದ ಬೆಕ್ಕಿಗೆ ಊಟ ಸೇರುವುದಿಲ್ಲ. ಇದು ಪಕ್ಕದ ಬೆಕ್ಕುಗಳಿಗೂ ಹರಡುತ್ತದೆ. ಅಮೆರಿಕದ ಒಂದು ಶೆಲ್ಟರಿನ 60 ಬೆಕ್ಕುಗಳನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮೊದಲ ವಾರ ತುಂಬಾ ಒತ್ತಡದಲ್ಲಿದ್ದ ಬೆಕ್ಕುಗಳಿಗೆ ಈ ಥರದ ನೆಗಡಿ ಬರುವ ಸಾಧ್ಯತೆ ಉಳಿದವಕ್ಕಿಂತ ಐದು ಪಟ್ಟಿಗೂ ಜಾಸ್ತಿ ಇತ್ತು. ಆ 60ರಲ್ಲಿ 49 ಬೆಕ್ಕುಗಳು ಕನಿಷ್ಠ ಒಂದು ವಾರವಾದರೂ ತೂಕ ಕಳೆದುಕೊಂಡಿದ್ದವು. ಲಸಿಕೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಸಿಕೆ ಹಾಕಿದ ಬೆಕ್ಕಿಗೂ ಇದು ಬರುತ್ತದೆ. ಹಾಗಾಗಿ ಭಯ ಕಡಿಮೆ ಮಾಡುವುದು ಕಾಯಿಲೆ ತಡೆಯುವ ಕೆಲಸವೂ ಹೌದು.

ಊಟದ ವಿಷಯದಲ್ಲಿ ಇನ್ನೂ ಒಂದು ಮಾತು. ಬೆಕ್ಕು ಕೆಲವು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಕರಗಿ ಪಿತ್ತಜನಕಾಂಗದಲ್ಲಿ ತುಂಬಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ದಪ್ಪ ಇರುವ ಬೆಕ್ಕಿಗೆ ಈ ಅಪಾಯ ಜಾಸ್ತಿ. ಹಸಿವಾದರೆ ತಾನೇ ತಿನ್ನುತ್ತೆ ಬಿಡು ಅನ್ನುವ ಮಾತು ಬೆಕ್ಕಿನ ವಿಷಯದಲ್ಲಿ ನಡೆಯುವುದಿಲ್ಲ. ಇಡೀ ಒಂದು ದಿನ ತಿಂದಿಲ್ಲ ಅಂದರೆ ಡಾಕ್ಟರಿಗೆ ಹೇಳಬೇಕು. ಮೂತ್ರ ಮಾಡಿಲ್ಲ ಅಂದರೂ ಅಷ್ಟೇ, ಅದರಲ್ಲೂ ಗಂಡು ಬೆಕ್ಕಾದರೆ ಕಾಯಲೇಬಾರದು.

ಈಗ ಡಬ್ಬಕ್ಕೆ ಬರುತ್ತೇನೆ. ನೆದರ್ಲೆಂಡ್ಸಿನ ಯುಟ್ರೆಕ್ಟ್ ವಿಶ್ವವಿದ್ಯಾಲಯದವರು ಒಂದು ಶೆಲ್ಟರಿಗೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅಡಗಲು ಡಬ್ಬ ಕೊಟ್ಟು, 9ಕ್ಕೆ ಕೊಡದೆ ಎರಡು ವಾರ ನೋಡಿದರು. ಅದು ಪ್ರಕಟವಾಗಿದ್ದು 2014ರಲ್ಲಿ. ಡಬ್ಬ ಇದ್ದ ಬೆಕ್ಕುಗಳ ಒತ್ತಡ ಮೂರು ನಾಲ್ಕನೇ ದಿನಕ್ಕೇ ಇಳಿದಿತ್ತು. ಇಲ್ಲದವು ಆ ಮಟ್ಟಕ್ಕೆ ಬರುವ ಹೊತ್ತಿಗೆ ಹೆಚ್ಚುಕಡಿಮೆ ಎರಡು ವಾರವೇ ಆಗಿತ್ತು. ಇದನ್ನು ಓದಿದಾಗ ನನಗೆ ಹೊಳೆದಿದ್ದು ಬೂದಿಯ ಆ ಮೊದಲ ದಿನ. ಎರಡು ವಾರ ಅಂದರೆ ಒಂದು ಬೆಕ್ಕಿನ ಜೀವಕ್ಕೆ ಎಷ್ಟು ದೊಡ್ಡ ಕಾಲ. ಬಿಸಾಡುವ ರಟ್ಟಿನ ಡಬ್ಬದಲ್ಲಿ ಅದು ಕಡಿಮೆಯಾಗುತ್ತದೆ ಅಂದರೆ ಅದನ್ನು ಕೊಡದಿರಲು ಯಾವ ಕಾರಣವೂ ನನಗೆ ಕಾಣುವುದಿಲ್ಲ.

ಆದರೂ ಕಾರಣ ಹೇಳುವವರು ಇದ್ದಾರೆ. ನಾನು ಹಿಂದೆ ಸ್ವಲ್ಪ ದಿನ ಸಹಾಯಕ್ಕೆ ಹೋಗುತ್ತಿದ್ದ ಇನ್ನೊಂದು ಕಡೆ ಡಬ್ಬ ಇಡಲು ಬಿಡುತ್ತಿರಲಿಲ್ಲ. ನೋಡಲು ಬಂದವರಿಗೆ ಬೆಕ್ಕು ಕಾಣಿಸದಿದ್ದರೆ ದತ್ತು ಯಾರು ತಗೊಳ್ಳುತ್ತಾರೆ ಅನ್ನುವುದು ಅವರ ವಾದ. ಕೇಳಿದರೆ ಸರಿ ಅನ್ನಿಸುವ ಮಾತೇ. ಅವರಿಗೂ ಬೆಕ್ಕುಗಳಿಗೆ ಬೇಗ ಮನೆ ಸಿಗಲಿ ಅನ್ನುವ ಆಸೆ ಇತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಇದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಳಗೆ ಅಡಗಲೂ ಮೇಲೆ ಹತ್ತಿ ಕೂರಲೂ ಬರುವಂಥ ಡಬ್ಬ ಇದ್ದ ಬೆಕ್ಕುಗಳಿಗೆ ಮನೆ ಸಿಗುವುದು ತಡವಾಗಲಿಲ್ಲ. ಅಷ್ಟೇ ಅಲ್ಲ, ಅವು ಜನರ ಹತ್ತಿರ ಬರುವುದೇ ಜಾಸ್ತಿ ಇತ್ತು. ನಾನು ಕಣ್ಣಾರೆ ನೋಡಿದ್ದೂ ಇದನ್ನೇ. ಅಡಗಲು ಜಾಗ ಇದೆ ಅಂತ ಗೊತ್ತಿರುವ ಬೆಕ್ಕು ಧೈರ್ಯವಾಗಿ ಹೊರಗೆ ಬರುತ್ತದೆ, ಬೇಕಾದರೆ ವಾಪಸ್ ಓಡಬಹುದಲ್ಲ. ಬೂದಿ ನಾಲ್ಕನೇ ದಿನ ಮೂತಿ ಹೊರಗಿಟ್ಟಳು. ಆರನೇ ದಿನ ಡಬ್ಬದ ಮೇಲೆ ಹತ್ತಿ ಕೂತಿದ್ದಳು.

ಡಬ್ಬ ಇಡುವಾಗ ಒಂದೆರಡು ವಿಷಯ ನೋಡಿಕೊಳ್ಳಿ. ಬೆಕ್ಕು ಒಳಗೆ ತಿರುಗಿ ಮಲಗುವಷ್ಟು ದೊಡ್ಡದಿರಲಿ. ಮೇಲ್ಭಾಗ ಗಟ್ಟಿಯಿದ್ದರೆ ಮೇಲೂ ಕೂರಬಹುದು. ಬದಿಯಲ್ಲಿ ಸಣ್ಣ ಕಂಡಿ ಇದ್ದರೆ ಊಟ ತಿಂತಾ, ಉಸಿರು ಸರಿ ಇದೆಯಾ ಅಂತ ನಾವು ದೂರದಿಂದಲೇ ನೋಡಬಹುದು. ಒಬ್ಬರ ಡಬ್ಬ ಇನ್ನೊಬ್ಬರಿಗೆ ಇಡಬೇಡಿ, ರಟ್ಟನ್ನು ತೊಳೆಯಲು ಬರುವುದಿಲ್ಲ. ಬೆಕ್ಕು ಹೋದಮೇಲೆ ಅದನ್ನು ಎಸೆದುಬಿಡಿ.

ಕೇಜಿನ ಬಗ್ಗೆ ನನಗೆ ಕೋಪವೇ ಇದೆ, ಮುಚ್ಚಿಡುವುದಿಲ್ಲ. ಊಟದ ತಟ್ಟೆ, ನೀರು, ಹಾಸಿಗೆ, ಲಿಟರ್ ಟ್ರೇ ಎಲ್ಲವನ್ನೂ ಒಂದು ಸಣ್ಣ ಸ್ಟೀಲ್ ಪೆಟ್ಟಿಗೆಯಲ್ಲಿ ತುರುಕಿದರೆ ಬೆಕ್ಕು ಉಂಡಲ್ಲೇ ಹೇಲಬೇಕು. ನಮ್ಮನ್ನು ಯಾರಾದರೂ ಹಾಗೆ ಇಟ್ಟರೆ ಒಂದು ಹೊತ್ತು ಊಟ ಗಂಟಲಲ್ಲಿ ಇಳಿಯುತ್ತದೆಯೇ? ಇದಕ್ಕೆ ಒಂದು ಒಳ್ಳೆಯ ದಾರಿ ಇದೆ. ಅಕ್ಕಪಕ್ಕದ ಎರಡು ಕೇಜಿನ ನಡುವಿನ ಗೋಡೆಯಲ್ಲಿ ದುಂಡಗೆ ಒಂದು ಕಿಂಡಿ ಕೊರೆದು ಎರಡನ್ನೂ ಒಂದೇ ಬೆಕ್ಕಿಗೆ ಕೊಡುವುದು. ಒಂದು ಕಡೆ ಟ್ರೇ, ಇನ್ನೊಂದು ಕಡೆ ಊಟ, ನಿದ್ದೆ. ಒಂದು ಕಡೆ ಸ್ವಚ್ಛ ಮಾಡುವಾಗ ಬೆಕ್ಕು ಇನ್ನೊಂದು ಕಡೆ ಹೋಗಿ ಕೂರಬಹುದು, ಯಾರೂ ಹಿಡಿದು ಎತ್ತುವ ಕೆಲಸವಿಲ್ಲ. 2018ರಲ್ಲಿ ಹಲವು ಶೆಲ್ಟರುಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದರಲ್ಲಿ, ಒಂದು ಬೆಕ್ಕಿಗೆ 8 ಚದರ ಅಡಿಗಿಂತ ಜಾಸ್ತಿ ನೆಲ ಇದ್ದ ಕಡೆ, ಮತ್ತು ಮೊದಲ ವಾರದಲ್ಲಿ ಬೆಕ್ಕನ್ನು ಕೇಜಿನಿಂದ ಎತ್ತಿ ಬದಲಿಸುವುದು ಕಡಿಮೆ ಇದ್ದ ಕಡೆ, ನೆಗಡಿ ಕಡಿಮೆ ಇತ್ತು. ಅದರ ಎರಡನೇ ಮಾತು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಬೆಕ್ಕನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಎತ್ತಿ ಹಾಕುತ್ತಾ ಇರಬೇಡಿ. ಒಂದು ಜಾಗದ ವಾಸನೆ ಅದಕ್ಕೆ ಹಿಡಿಯುವ ಹೊತ್ತಿಗೆ ಇನ್ನೊಂದು ಕಡೆ ಹಾಕಿದರೆ ಮತ್ತೆ ಮೊದಲಿಂದ ಶುರು.

ಎರಡು ಕೇಜ್ ಎಲ್ಲಿಂದ ತರೋಣ, ಒಂದಕ್ಕೇ ಜಾಗವಿಲ್ಲ ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಬೆಕ್ಕುಗಳನ್ನು ಒಂದೇ ಸಲ ತುಂಬಿಸಿಕೊಳ್ಳದೆ, ಬೆಕ್ಕು ಬಿಡಲು ಬರುವವರಲ್ಲಿ ತುರ್ತು ಇಲ್ಲದವರಿಗೆ ದಿನ ಕೊಟ್ಟು ಸರದಿಯಲ್ಲಿ ತಗೊಂಡರೆ, ಒಳಗಿರುವ ಬೆಕ್ಕುಗಳು ಕಾಯಿಲೆ ಬೀಳದೆ ಬೇಗ ಮನೆ ಸೇರುತ್ತವೆ. ಕಾಯಿಲೆ ಬಿದ್ದ ಬೆಕ್ಕು ವಾರಗಟ್ಟಲೆ ಅಲ್ಲೇ ಉಳಿಯುತ್ತದೆ. ಹಾಗೆ ನೋಡಿದರೆ ಇಕ್ಕಟ್ಟು ಮಾಡಿದಷ್ಟೂ ಜಾಗ ಕಡಿಮೆಯೇ ಆಗುತ್ತದೆ.

ಬೆಳಗಿನ ಸ್ವಚ್ಛತೆಯ ಹೊತ್ತು ಬೆಕ್ಕಿಗೆ ದಿನದ ಅತಿ ಕೆಟ್ಟ ಹೊತ್ತು. ಒಬ್ಬರು ಬರುತ್ತಾರೆ, ಬಾಗಿಲು ದಡಾರ್ ಅಂತ ತೆಗೆಯುತ್ತಾರೆ, ಕುತ್ತಿಗೆ ಹಿಡಿದು ಎತ್ತಿ ಕ್ಯಾರಿಯರಿಗೆ (ಬೆಕ್ಕನ್ನು ಸಾಗಿಸುವ ಪೆಟ್ಟಿಗೆಗೆ) ಹಾಕುತ್ತಾರೆ, ಒಳಗೆಲ್ಲ ಘಾಟು ಔಷಧಿ ಹೊಡೆದು ಒರೆಸುತ್ತಾರೆ, ಹಾಸಿಗೆ ಬದಲಿಸಿ ಮತ್ತೆ ಒಳಗೆ ಬಿಡುತ್ತಾರೆ. ನಮ್ಮ ಕಣ್ಣಿಗೆ ಎಲ್ಲ ಫಳಫಳ. ಬೆಕ್ಕಿನ ಲೆಕ್ಕದಲ್ಲಿ ಅದು ಮತ್ತೊಂದು ಹೊಸ ಜಾಗ. ಬೆಕ್ಕು ಕೆನ್ನೆಯನ್ನು ಮೂಲೆಗಳಿಗೆ, ಡಬ್ಬದ ಅಂಚಿಗೆ ಉಜ್ಜುವುದನ್ನು ನೋಡಿದ್ದೀರಲ್ಲ, ಅದು ತನ್ನ ವಾಸನೆಯನ್ನು ಅಲ್ಲಿ ಹಚ್ಚುತ್ತಿರುತ್ತದೆ. ಇದು ನನ್ನ ಜಾಗ ಅಂತ ಅದಕ್ಕೆ ಗೊತ್ತಾಗುವುದೇ ಆ ವಾಸನೆಯಿಂದ. ನಾವು ದಿನಾ ಬೆಳಿಗ್ಗೆ ಅದನ್ನು ಒರೆಸಿ ಹಾಕುತ್ತೇವೆ. ಅದೇ ಬೆಕ್ಕು ಅದೇ ಕೇಜಿನಲ್ಲಿ ಇರುವವರೆಗೆ ಹಾಗೆಲ್ಲ ತೊಳೆಯುವ ಅಗತ್ಯವೇ ಇಲ್ಲ. ಟ್ರೇ ಎತ್ತಿ ಗಲೀಜು ತೆಗೆಯಿರಿ, ಚೆಲ್ಲಿದ್ದನ್ನು ಒರೆಸಿ, ಊಟ ನೀರು ಬದಲಿಸಿ, ಹಾಸಿಗೆ ಹೊಲಸಾಗಿಲ್ಲದಿದ್ದರೆ ಮುಟ್ಟಬೇಡಿ. ಬೆಕ್ಕು ಡಬ್ಬದಲ್ಲೇ ಕೂತಿರಲಿ. ಪೂರ್ತಿ ತೊಳೆದು ಔಷಧಿ ಹಾಕುವುದು ಬೆಕ್ಕು ಅಲ್ಲಿಂದ ಹೋದಮೇಲೆ, ಇನ್ನೊಂದು ಬರುವ ಮೊದಲು. ನಾವು ಹೀಗೆ ಬದಲಿಸಿದ ಮೇಲೆ ನಮಗೂ ಹೊತ್ತು ಉಳಿಯಿತು. ಉಳಿದ ಹೊತ್ತಿನಲ್ಲಿ ಒಂದೊಂದು ಕೇಜಿನ ಮುಂದೆ ಸ್ವಲ್ಪ ಕೂರಲು ಆಯಿತು.

ಸದ್ದು. ನಮ್ಮ ಕಿವಿಗೆ ಸುಮಾರು 20 ಕಿಲೋಹರ್ಟ್ಜ್‌ವರೆಗಿನ ಸದ್ದು ಕೇಳಿದರೆ, ಬೆಕ್ಕಿಗೆ ಅದರ ಮೂರು ಪಟ್ಟಿಗೂ ಮೇಲಿನ ಸದ್ದು ಕೇಳುತ್ತದೆ. ನಮಗೆ ಏನೂ ಇಲ್ಲ ಅನ್ನಿಸುವ ಕೋಣೆ ಅದಕ್ಕೆ ಗದ್ದಲದ್ದಾಗಿರಬಹುದು. ನಾಯಿಗಳ ಬೊಗಳು ಕೇಳದಷ್ಟು ದೂರದಲ್ಲಿ ಬೆಕ್ಕಿನ ಕೋಣೆ ಇರಬೇಕು, ನಾಯಿಗಳನ್ನು ಬೆಕ್ಕಿನ ಕೇಜುಗಳ ಮುಂದೆ ನಡೆಸಿಕೊಂಡು ಹೋಗಲೇಬಾರದು. ಕೇಜಿನ ಚಿಲಕಕ್ಕೆ ರಬ್ಬರ್ ಸುತ್ತಿದರೆ ಆ ಕಬ್ಬಿಣದ ಟಣ್ ಸದ್ದು ಹೋಗುತ್ತದೆ. ರಾತ್ರಿ ಲೈಟ್ ಆರಿಸಿ. ಹಗಲು ರೇಡಿಯೋ ಜೋರಾಗಿ ಹಾಕಬೇಡಿ, ಅದು ನಮಗೆ ಬೇಕಾದ್ದು, ಬೆಕ್ಕಿಗಲ್ಲ.

ಕ್ಯಾರಿಯರಿನಲ್ಲಿ ತರುವಾಗಲೂ ಮೇಲೆ ಟವೆಲ್ ಹೊದಿಸಿ, ನೆಲದ ಮೇಲೆ ಇಡದೆ ಮೇಜಿನ ಮೇಲೆ ಇಡಿ. ಎರಡು ಕ್ಯಾರಿಯರನ್ನು ಮುಖಾಮುಖಿ ಇಡಬೇಡಿ. ಹೆದರಿದ ಬೆಕ್ಕಿಗೆ ಎದುರಿಗೆ ಇನ್ನೊಂದು ಬೆಕ್ಕು ದಿಟ್ಟಿಸುತ್ತಾ ಕೂತಿದ್ದರೆ ಅದಕ್ಕಿಂತ ಹಿಂಸೆ ಬೇರೆ ಇಲ್ಲ. ಬೆಕ್ಕನ್ನು ಬಿಟ್ಟು ಹೋಗುವವರ ಹತ್ತಿರ ಅದು ಮಲಗುತ್ತಿದ್ದ ಹಳೆಯ ಬಟ್ಟೆ ಒಂದನ್ನು ಕೇಳಿ ಇಟ್ಟುಕೊಳ್ಳಿ, ತೊಳೆಯದೇ ಇರುವುದು. ಏನು ತಿನ್ನುತ್ತಿತ್ತು ಅಂತಲೂ ಕೇಳಿ.

ಇನ್ನು ನಮ್ಮ ಕೈಗಳ ವಿಷಯ. ಬೆಕ್ಕು ಇಷ್ಟ ಇರುವವರಿಗೆ ಕಂಡ ಕೂಡಲೇ ಮುಟ್ಟಬೇಕು, ಎತ್ತಬೇಕು ಅನ್ನಿಸುತ್ತದೆ. ನನಗೂ ಹಾಗೇ. ಮೊದಲ ಕೆಲವು ದಿನ ಅದನ್ನು ಹಿಡಿದಿಟ್ಟುಕೊಳ್ಳುವುದೇ ನಾವು ಮಾಡಬಹುದಾದ ದೊಡ್ಡ ಉಪಕಾರ. ಅಕ್ಕ ಮಾಡುತ್ತಿದ್ದುದನ್ನು ಹೇಳುತ್ತೇನೆ. ಬೂದಿಯ ಕೇಜಿನ ಮುಂದೆ ಒಂದು ಮೋಟು ಸ್ಟೂಲ್ ಹಾಕಿಕೊಂಡು, ಮೈಯನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಕೂರುತ್ತಿದ್ದರು. ನೇರ ದಿಟ್ಟಿಸುತ್ತಿರಲಿಲ್ಲ. ಮೆಲ್ಲಗೆ ಏನಾದರೂ ಮಾತಾಡುತ್ತಿದ್ದರು, ಇವತ್ತು ಎಷ್ಟು ಕೆಲಸ ಇತ್ತು ಅಂತ. ನಡುನಡುವೆ ಅವಳ ಕಡೆ ನೋಡಿ, ನಿದ್ದೆ ಬಂದವರ ಹಾಗೆ ನಿಧಾನಕ್ಕೆ ಕಣ್ಣು ಮುಚ್ಚಿ ತೆರೆಯುತ್ತಿದ್ದರು. ಮೂರನೇ ದಿನವೋ ಏನೋ, ಡಬ್ಬದೊಳಗಿನ ಆ ಎರಡು ಕಣ್ಣುಗಳೂ ಅರ್ಧ ಮುಚ್ಚಿ ತೆರೆದವು. ನನ್ನ ಗಂಟಲು ಕಟ್ಟಿಬಂತು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನೇ ಪರೀಕ್ಷಿಸಿ ಬರೆದಿದ್ದಾರೆ. ಮನುಷ್ಯರು ಹೀಗೆ ನಿಧಾನಕ್ಕೆ ಕಣ್ಣು ಮಿಟುಕಿಸಿದರೆ ಬೆಕ್ಕುಗಳೂ ಕಣ್ಣು ಕಿರಿದು ಮಾಡುತ್ತವೆ, ಗುರುತಿಲ್ಲದವರು ಮಾಡಿದರೂ ಅವರ ಚಾಚಿದ ಕೈ ಹತ್ತಿರ ಬರುವುದು ಜಾಸ್ತಿಯಾಗುತ್ತದೆ.

ಕೈ ಕೊಡುವುದಾದರೆ ಒಂದು ಬೆರಳನ್ನು ಬೆಕ್ಕಿನ ಮೂಗಿನ ಮಟ್ಟಕ್ಕೆ, ಸ್ವಲ್ಪ ದೂರದಲ್ಲಿ ಚಾಚಿ ಸುಮ್ಮನಿರಿ. ಅದೇ ಬಂದು ಮೂಸಿ, ಕೆನ್ನೆ ಉಜ್ಜಿದರೆ ಕೆನ್ನೆ, ಗಲ್ಲ, ಕಿವಿಯ ಬುಡ ಸವರಿ. ಹೊಟ್ಟೆ, ಬಾಲ ಬೇಡ. ಒಂದೆರಡು ಸಲ ಸವರಿ ಕೈ ತೆಗೆದು ನೋಡಿ, ಇನ್ನೂ ಬೇಕಾದರೆ ಅದೇ ಮುಂದೆ ಬರುತ್ತದೆ. ಮುಖ ತಿರುಗಿಸಿದರೆ, ಬಾಲದ ತುದಿ ಪಟಪಟ ಬಡಿದರೆ ಸಾಕು ಅಂತ ಅರ್ಥ. ಕುತ್ತಿಗೆಯ ಚರ್ಮ ಹಿಡಿದು ಎತ್ತುವುದು ಮಾತ್ರ ಯಾವತ್ತೂ ಬೇಡ. ಮರಿಗಳನ್ನು ತಾಯಿ ಹಾಗೆ ಎತ್ತುತ್ತೆ ಅಂತ ಹೇಳುತ್ತಾರೆ. ದೊಡ್ಡ ಬೆಕ್ಕು ಮರಿಯಲ್ಲ, ಅಲ್ಲಾಡದೆ ಇರುವುದು ಭಯಕ್ಕೆ. ಔಷಧಿ ಕೊಡಲೇಬೇಕಾದರೆ ಟವೆಲ್ಲಿನಲ್ಲಿ ಮೆಲ್ಲಗೆ ಸುತ್ತಿ, ಡಬ್ಬದ ಸಮೇತ ಎತ್ತಿಕೊಂಡು ಹೋದರೂ ಆಗುತ್ತದೆ.

ಸರಿಯಾಗಿ ಮಾಡಿದರೆ ಈ ಸವರುವಿಕೆ ಔಷಧಿಗಿಂತ ಕಡಿಮೆಯಲ್ಲ. ಶೆಲ್ಟರಿಗೆ ಬಂದು ಆತಂಕದಲ್ಲಿದ್ದ ಬೆಕ್ಕುಗಳಿಗೆ ದಿನಕ್ಕೆ ನಾಲ್ಕು ಸಲ, ಒಂದೊಂದು ಸಲ 10 ನಿಮಿಷ, 10 ದಿನ ಮೆಲ್ಲಗೆ ಮಾತಾಡಿಸುತ್ತಾ ಸವರಿ ನೋಡಿದ ಒಂದು ಅಧ್ಯಯನ ಇದೆ. ಆ ಬೆಕ್ಕುಗಳ ಮೈಯಲ್ಲಿ ರೋಗ ತಡೆಯುವ ಒಂದು ಪ್ರತಿಕಾಯ ಜಾಸ್ತಿ ಇತ್ತು, ನೆಗಡಿಯೂ ಕಡಿಮೆ ಬಂತು. ದಿನಕ್ಕೆ ನಾಲ್ಕು ಸಲ ಎಲ್ಲ ಕಡೆ ಆಗುವುದಿಲ್ಲ, ಗೊತ್ತು. ಒಂದು ಸಲ ಆದರೂ ದಿನಾ ಅದೇ ಹೊತ್ತಿಗೆ, ಅದೇ ವ್ಯಕ್ತಿ ಹೋಗಲಿ. ಯಾಕೆಂದರೆ ಬೆಕ್ಕಿಗೆ ಮುಂದೆ ಏನಾಗುತ್ತದೆ ಅಂತ ಗೊತ್ತಿರುವುದು ತುಂಬಾ ಮುಖ್ಯ. 2011ರಲ್ಲಿ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದವರು ಬರೆದಿದ್ದನ್ನು ಓದಿದ್ದೆ. ಊಟದ ಹೊತ್ತು ತಪ್ಪಿದಾಗ, ದಿನಾ ಬರುವವರು ಬಾರದಿದ್ದಾಗ, ಆರೋಗ್ಯವಾಗಿದ್ದ ಬೆಕ್ಕುಗಳೂ ವಾಂತಿ ಮಾಡಿದವು, ಊಟ ಬಿಟ್ಟವು, ಟ್ರೇ ಹೊರಗೆ ಮೂತ್ರ ಮಾಡಿದವು. ಊಟ ಒಂದೇ ಹೊತ್ತಿಗೆ ಕೊಡುವುದಕ್ಕೆ ಖರ್ಚೇನೂ ಇಲ್ಲ.

ಎಲ್ಲ ಬೆಕ್ಕಿಗೂ ಒಂದೇ ಮದ್ದು ಅಲ್ಲ, ಇದನ್ನೂ ಹೇಳಿಬಿಡುತ್ತೇನೆ. ಹೆದರಿದ ಬೆಕ್ಕು ಬೇರೆ, ಬೇಜಾರಾದ ಬೆಕ್ಕು ಬೇರೆ. ಮೊದಲ ದಿನದಿಂದಲೇ ಬಾಗಿಲಿಗೆ ಬಂದು ಕೂಗುವ, ಸರಳುಗಳ ನಡುವೆ ಕೈ ಹಾಕಿ ಹೋಗುವವರ ಬಟ್ಟೆ ಎಳೆಯುವ, ಟ್ರೇ ಬಟ್ಟಲು ಎಲ್ಲ ಬೋರಲು ಹಾಕುವ ಬೆಕ್ಕಿಗೆ ಕತ್ತಲು ಡಬ್ಬ ಸಾಲದು. ಅದಕ್ಕೆ ಕೆಲಸ ಬೇಕು. ಕೋಲಿಗೆ ಕಟ್ಟಿದ ಗರಿ ಹಿಡಿದು ದಿನಕ್ಕೆ ಎರಡು ಸಲ ಬೇಟೆಯಾಡಿಸಿ, ಕೊನೆಗೆ ಹಿಡಿಯಲು ಬಿಟ್ಟು ಊಟ ಕೊಡಿ. ತೂತು ಮಾಡಿದ ರಟ್ಟಿನ ಕೊಳವೆಯೊಳಗೆ ತಿಂಡಿ ಹಾಕಿ ಕೊಟ್ಟರೆ ಅದನ್ನು ಉರುಳಿಸಿ ಉರುಳಿಸಿ ತೆಗೆಯುತ್ತದೆ. ಕ್ಲಿಕ್ಕರ್, ಅಂದರೆ ಒತ್ತಿದರೆ ಕ್ಲಿಕ್ ಅನ್ನುವ ಸಣ್ಣ ಸಾಧನ ಹಿಡಿದು ಆಟ ಕಲಿಸಲೂ ಬರುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 100 ಶೆಲ್ಟರ್ ಬೆಕ್ಕುಗಳಿಗೆ ಎರಡು ವಾರದಲ್ಲಿ ಐದೈದು ನಿಮಿಷದ 15 ಪಾಠ ಮಾಡಿ, ಕೋಲಿನ ತುದಿ ಮುಟ್ಟುವುದು, ಕೂರುವುದು, ಸುತ್ತು ತಿರುಗುವುದು, ಕೈಗೆ ಕೈ ತಟ್ಟುವುದನ್ನು ಕಲಿಸಲು ಹೊರಟರು. ಎಷ್ಟೋ ಬೆಕ್ಕುಗಳು ಕಲಿತವು. ಬೆಕ್ಕಿಗೆ ಏನೂ ಕಲಿಸಲು ಆಗಲ್ಲ ಅನ್ನುವುದು ಸುಳ್ಳು.

ಗುಂಪಿನಲ್ಲಿ ಇಡುವ ಕೋಣೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಬ್ಬರಿಗೊಬ್ಬರು ಗುರುತಿರುವ ಬೆಕ್ಕುಗಳು ಒಟ್ಟಿಗೆ ಇರಲಿ, ಒಳ್ಳೆಯದೇ. ಗುರುತಿಲ್ಲದವನ್ನು ಒಂದೇ ಕೋಣೆಗೆ ತುಂಬಿ, ದಿನಾ ಒಂದು ಹೊಸದನ್ನು ಸೇರಿಸುತ್ತಾ ಹೋಗುವುದು ಸರಿಯಲ್ಲ. ಅಮೆರಿಕದ ಶೆಲ್ಟರ್ ಪಶುವೈದ್ಯರ ಸಂಘದ ಮಾರ್ಗಸೂಚಿಯಲ್ಲಿ ಗುಂಪಿನಲ್ಲಿರುವ ಒಂದೊಂದು ದೊಡ್ಡ ಬೆಕ್ಕಿಗೆ 18 ಚದರ ಅಡಿ ಜಾಗ ಇರಬೇಕು ಅಂತ ಇದೆ. ಅಷ್ಟು ಇಲ್ಲದಿದ್ದರೆ ಬೇಡ.

ಬೂದಿಗೆ ಮನೆ ಸಿಕ್ಕಿತು. ನೋಡಲು ಬಂದ ಅಮ್ಮ ಮಗಳು ಇಬ್ಬರೂ ಕೇಜಿನ ಮುಂದೆ ನೆಲದ ಮೇಲೆ ಕೂತರು, ಅಕ್ಕ ಹೇಳಿಕೊಟ್ಟ ಹಾಗೆ ಪಕ್ಕಕ್ಕೆ ತಿರುಗಿ. ಸುಮಾರು ಹೊತ್ತು ಆದಮೇಲೆ ಬೂದಿ ಡಬ್ಬದಿಂದ ಇಳಿದು ಬಂದು ಮಗಳ ಬೆರಳಿಗೆ ಕೆನ್ನೆ ಉಜ್ಜಿದಳು. ಕಳಿಸುವಾಗ ಡಬ್ಬವನ್ನೂ ಕಳಿಸಿದೆವು, ಒಳಗಿನ ಟವೆಲ್ ತೊಳೆಯಬೇಡಿ ಅಂತ ಹೇಳಿ. ಅವಳ ಹಳೆಯ ಕಾರ್ಡಿನಲ್ಲಿ ನಾನು ಬರೆದಿದ್ದ ಸಾಲನ್ನು ಹೊಡೆದುಹಾಕಿ, "ಹೊಸ ಜಾಗಕ್ಕೆ ತುಂಬಾ ಹೆದರುತ್ತಾಳೆ, ಹೊತ್ತು ಕೊಡಿ, ಅಡಗಲು ಬಿಡಿ" ಅಂತ ಬರೆದು ಅದನ್ನೂ ಜೊತೆಗೆ ಕೊಟ್ಟೆ.

ಮರುದಿನ ಮಧ್ಯಾಹ್ನ ಆ ಅಮ್ಮ ಫೋನ್ ಮಾಡಿದರು. ದನಿಯಲ್ಲಿ ಗಾಬರಿ ಇತ್ತು. "ಬೆಳಿಗ್ಗೆಯಿಂದ ಡಬ್ಬದಿಂದ ಆಚೆಗೇ ಬಂದಿಲ್ಲಮ್ಮ, ಹುಷಾರಿಲ್ವೇನೋ ಅಂತ ಭಯ ಆಗ್ತಿದೆ."

"ರಾತ್ರಿ ಊಟ ಮಾಡಿದ್ದಾಳಾ ಆಂಟಿ?"

"ಹಾಂ, ಬೆಳಿಗ್ಗೆ ನೋಡಿದ್ರೆ ತಟ್ಟೆ ಖಾಲಿ ಆಗಿತ್ತು. ಟ್ರೇಲೂ ಹೋಗಿದ್ದಾಳೆ."

"ಹಾಗಾದ್ರೆ ಬಿಡಿ, ಅಲ್ಲೇ ಇರಲಿ" ಅಂದೆ.